ಆ್ಯಂಡ್ ದೆನ್ ಮೇಷ್ಟ್ರು

ನಮ್ಮ ಮನೆಗೆ ಕಾಲಿಂಗ್ ಬೆಲ್ ಇದೆ. ಮೇಷ್ಟ್ರು ಅದನ್ನು ಒಂದು ಸಲವೂ ಒತ್ತಲಿಲ್ಲ. ಭಾನುವಾರ ಹತ್ತು ಗಂಟೆ ಹೊತ್ತಿಗೆ ಗೇಟಿನ ಹೊರಗೆ ನಿಂತು, ಚಿಲಕವನ್ನು ಎರಡು ಸಲ ಮೆಲ್ಲಗೆ ಎತ್ತಿ ಇಳಿಸುತ್ತಿದ್ದರು. ಟಕ್, ಟಕ್. ಒಳಗೆ ಒಗ್ಗರಣೆ ಸಿಡಿಯುತ್ತಿದ್ದರೂ ನನಗೆ ಅದು ಕೇಳಿಸುತ್ತಿತ್ತು. ಹೋದ ಆಷಾಢದಲ್ಲಿ ಅವರು ತೀರಿಕೊಂಡರೆಂದು ಗೊತ್ತಾದಾಗ ಮೊದಲು ನೆನಪಿಗೆ ಬಂದದ್ದು ಅವರ ಮುಖವಲ್ಲ, ಕೈ. ಪುಸ್ತಕ ಮುಟ್ಟುವ ಮುಂಚೆ ಬಲ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಕೈ ಒದ್ದೆ ಇರಲಿ, ಒಣಗಿರಲಿ, ಒರೆಸಲೇಬೇಕು.

ನಾನು ಚಾಮರಾಜನಗರದವಳು. ಹತ್ತನೇ ಕ್ಲಾಸಿನವರೆಗೆ ಅಲ್ಲಿನ ಕಾನ್ವೆಂಟಿನಲ್ಲಿ ಓದಿದೆ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ನಮ್ಮ ಯಜಮಾನರಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಆಫೀಸು ಕೆಲಸ. ಮೇಷ್ಟ್ರ ಮನೆ ನಮ್ಮ ಹಿಂದಿನ ಬೀದಿಯ ಕೊನೆಯಲ್ಲಿತ್ತು. ಹರವೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಮೇಷ್ಟ್ರು. ದಿನವೂ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು.

ಮೊದಲನೇ ಸಲ ಬಂದಾಗ ಬಾಗಿಲಲ್ಲೇ ನಿಂತು, "ಮೇಡಮ್ಮೋರೆ, ನೀವು ಕಾನ್ವೆಂಟಂತೆ" ಅಂದರು. ನಮ್ಮ ಊರು ಯಾವುದೆಂದು ಕೇಳಿ ಖಾತ್ರಿ ಮಾಡಿಕೊಂಡ ಹಾಗೆ.

"ಹೌದು ಮೇಷ್ಟ್ರೇ, ಬನ್ನಿ ಕೂತ್ಕೊಳ್ಳಿ."

"ಕುಂತ್ಕೊಳಕೇನಿಲ್ಲ. ಒಂದು ಎಂಟತ್ತು ಮಾತವೆ. ಬಾಯಲ್ಲಿ ಎಂಗ್ ಅನ್ನದು ಅಂತ ಏಳ್ಕೊಟ್ರೆ ಓಯ್ತೀನಿ."

ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ನಾನು ಹೇಳಿದ ಹಾಗೆ ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡರು. 'ಐಲ್ಯಾಂಡ್' ಅನ್ನುವಲ್ಲಿ ನಿಂತರು. "ಮತ್ತೆ ಮಧ್ಯದಲ್ಲಿ ಆ ಎಸ್ಸು ಯಾಕ್ ಸುಮ್ನೆ ಕುಂತದೆ?"

ನಾನು ಆ ಪದವನ್ನು ಜೀವಮಾನದಲ್ಲಿ ಎಷ್ಟು ಸಲ ಬರೆದಿದ್ದೇನೋ. ಒಂದು ದಿನವೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ. "ಗೊತ್ತಿಲ್ಲ ಮೇಷ್ಟ್ರೇ" ಅಂದೆ.

"ಸರಿ ಬುಡಿ. ಮಕ್ಳು ಕೇಳಿದ್ರೆ ಕಾನ್ವೆಂಟ್ನವ್ರಿಗೂ ಗೊತ್ತಿಲ್ವಂತೆ ಅಂತೀನಿ, ಅವ್ಕೂ ಧೈರ್ಯ ಬತ್ತದೆ" ಅಂತ ಚೀಟಿ ಮಡಚಿ ಹೋದರು.

ಹೀಗೆ ಶುರುವಾದದ್ದು ಆರೇಳು ವರ್ಷ ನಡೆಯಿತು. ಎಂಟತ್ತು ಪದ ಮುಗಿದ ಮೇಲೆ ಕಾಫಿ, ಕಾಫಿಯ ಜೊತೆ ಇನ್ನೊಂದಿಷ್ಟು ಪ್ರಶ್ನೆ. ಅವರ ಹೆಂಡತಿ ಎಷ್ಟೋ ಸಲ ನಮ್ಮ ಹಿತ್ತಲ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ನೀನು ಏಳ್ಕೊಟ್ಟು ಏಳ್ಕೊಟ್ಟು ಕೆಡಿಸ್ಬುಟ್ಟೆ ಕಣವ್ವ ಇವ್ರ್ನ. ಅಕ್ಕಿ ತೀರೋಗದೆ ಅಂದ್ರೆ, ಅಕ್ಕಿಗೂ ಅನ್ನಕ್ಕೂ ಇಂಗ್ಲೀಸ್ನಲ್ಲಿ ಒಂದೇ ಮಾತು, ಅವ್ರು ಎಂಗ್ ಬಾಳಾಟ ಮಾಡ್ತರೆ ಅಂತ ನನ್ನೇ ಕೇಳ್ತರೆ!"

ಮೇಷ್ಟ್ರು ಇಂಗ್ಲಿಷನ್ನು ಸರಾಗವಾಗಿ ಮಾತಾಡುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ಅವರು ಎ ಬಿ ಸಿ ಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ಆದರೆ ಅವರ ಹತ್ತಿರ ಒಂದು ಪುಸ್ತಕ ಇತ್ತು, ಆ ಪುಸ್ತಕದಲ್ಲಿ ಒಂದು ಕಥೆ ಇತ್ತು. ಆ ಕಥೆಯ ವಿಷಯಕ್ಕೆ ಬಂದರೆ ಇಂಗ್ಲೆಂಡಿನವರು ಬಂದರೂ ಇವರ ಎದುರು ನಿಲ್ಲಲಾರರು ಅನ್ನಿಸುತ್ತಿತ್ತು.

ಗುಂಡ್ಲುಪೇಟೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೆಯ ಇಂಗ್ಲಿಷ್ ರೀಡರ್ ಅದು. ಹಿಂದಿನ ರಟ್ಟಿರಲಿ, ಕೊನೆಯ ಪುಟಗಳೇ ಇಲ್ಲ. ಉಳಿದ ಕೊನೆಯ ಪಾಠವೇ ಈ ಕಥೆ. ಒಂದು ದ್ವೀಪ. ಅಲ್ಲಿ ಒಬ್ಬ ಹೆಂಗಸು ವಾರಕ್ಕೊಂದು ಸಲ ದೋಣಿಯಲ್ಲಿ ಪಕ್ಕದ ದ್ವೀಪಕ್ಕೆ ಟಪಾಲು ಸಾಗಿಸುತ್ತಾಳೆ. ಒಂದು ದಿನ ಸಮುದ್ರದ ನಡುವೆ ದಟ್ಟ ಮಂಜು ಕವಿಯುತ್ತದೆ. ಚೀಲದ ಬಾಯಿ ಬಿಚ್ಚಿಕೊಂಡಿತೆಂದು ಕಟ್ಟಲು ಹೋದವಳಿಗೆ ಮೇಲೆಯೇ ಒಂದು ಕಾಗದ ಕಾಣುತ್ತದೆ. ಅದರ ಮೇಲೆ ಅವಳದೇ ಹೆಸರು, ವರ್ಷಗಳ ಹಿಂದೆ ಮನೆ ಬಿಟ್ಟುಹೋದ ತಮ್ಮನ ಅಕ್ಷರ. ಹುಟ್ಟು ಹಾಕುವುದನ್ನು ಬಿಟ್ಟರೆ ದೋಣಿ ಎತ್ತಲೋ ಹೋಗುತ್ತದೆ. ಅವಳು ಕಾಗದವನ್ನು ನೋಡಿದಳು, 'ಆ್ಯಂಡ್ ದೆನ್'... ಅಷ್ಟಕ್ಕೆ ಪುಟ ಮುಗಿಯುತ್ತದೆ. ಮುಂದಿನ ಪುಟ ಇಲ್ಲ.

ಇಪ್ಪತ್ತೊಂದು ವರ್ಷ ಮೇಷ್ಟ್ರು ಒಂಬತ್ತನೇ ಕ್ಲಾಸಿಗೆ ಈ ಕಥೆಯನ್ನು ಓದಿದರು. ಅದು ಸರ್ಕಾರದ ಪಠ್ಯದಲ್ಲಿ ಇರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಾರನೇ ದಿನ ಟೆಕ್ಸ್ಟ್ ಬುಕ್ಕು ಮುಚ್ಚಿಸಿ, ಹದಿನೈದು ದಿನ ಬರೀ ಇದೇ. ಮಕ್ಕಳು ಅವರಿಗೆ ಇಟ್ಟ ಹೆಸರು ಆ್ಯಂಡ್ ದೆನ್ ಮೇಷ್ಟ್ರು. ಹೆಡ್ ಮಾಸ್ಟರು, "ಇನ್ನೂ ಎಷ್ಟ್ ವರ್ಷ ಸ್ವಾಮಿ ಒಂದೇ ದೋಣಿ ಓಡಿಸ್ತೀರಿ? ಪೋರ್ಷನ್ ಮುಗ್ಸಿ" ಅಂತ ವರ್ಷಕ್ಕೊಂದು ಸಲ ರೇಗುತ್ತಿದ್ದರಂತೆ. ಇವರು "ಆಯ್ತು ಸಾ" ಅನ್ನುತ್ತಿದ್ದರಂತೆ.

ಮೇಷ್ಟ್ರು ಸಮುದ್ರ ನೋಡಿರಲಿಲ್ಲ. ಮಕ್ಕಳೂ ನೋಡಿರಲಿಲ್ಲ. "ನೀವ್ ನೋಡಿದ್ದೀರಲ್ಲ, ವಾಸ್ನೆ ಎಂಗಿರ್ತದೆ ಮೇಡಮ್ಮೋರೆ?" ಅಂತ ಒಂದು ಭಾನುವಾರ ಕೇಳಿದರು. ನಾನು ಕಾನ್ವೆಂಟಿನ ಟೂರಿನಲ್ಲಿ ಹೋಗಿದ್ದವಳು. ಚಪ್ಪಲಿಗೆ ಮರಳು ಸೇರಿಕೊಂಡದ್ದು ನೆನಪಿತ್ತು, ವಾಸನೆ ನೆನಪಿರಲಿಲ್ಲ. "ಉಪ್ಪುಪ್ಪು, ಸ್ವಲ್ಪ ಮೀನು ಮೀನು" ಅಂದುಬಿಟ್ಟೆ.

ರಾತ್ರಿ ಕಾಡಿನ ದಾರಿ ಮುಚ್ಚುವುದರಿಂದ ಕೇರಳದ ಮೀನಿನ ಲಾರಿಗಳು ಬೆಳಗ್ಗೆಯೇ ಗುಂಡ್ಲುಪೇಟೆಗೆ ಬಂದು, ಊಟಿ ರಸ್ತೆಯ ಟೀ ಅಂಗಡಿಗಳ ಮುಂದೆ ನೀರು ತೊಟ್ಟಿಕ್ಕಿಸುತ್ತಾ ನಿಂತಿರುತ್ತವೆ. ಮೇಷ್ಟ್ರು ಮಾರನೇ ದಿನ ಎರಡು ಲೀಟರಿನ ಬಾಟಲಿ ಹಿಡಿದುಕೊಂಡು ಹೋಗಿ ಒಂದು ಲಾರಿಯ ಕೆಳಗೆ ಕೂತರಂತೆ. ಡ್ರೈವರು ಇಳಿದು ಬಂದು ಮಲಯಾಳದಲ್ಲಿ ಏನೋ ಗದರಿದ. ಇವರು ಕನ್ನಡದಲ್ಲಿ ದೋಣಿಯ ಕಥೆ ಹೇಳಿದರು. ಅವನು ಟೀ ಕುಡಿದು ಮುಗಿಸುವವರೆಗೂ ಕೇಳಿ, ತಾನೇ ಐಸಿನ ನೀರು ತುಂಬಿಸಿಕೊಟ್ಟನಂತೆ. ಹಳ್ಳಿ ಬಸ್ಸಿನಲ್ಲಿ ಬಾಟಲಿಯ ಮುಚ್ಚಳ ಸಡಿಲವಾಯಿತು. ಕಂಡಕ್ಟರು, "ಯಾರ್ರೀ ಅದು ಮೀನ್ ತಂದವ್ರು, ಇಳೀರಿ ಕೆಳಿಕ್ಕೆ!" ಅಂದಾಗ ಮೇಷ್ಟ್ರು, "ಮೀನಿಲ್ಲ ಕಣಪ್ಪ, ಸಮುದ್ರ" ಅಂದರಂತೆ. ಇದನ್ನು ನನಗೆ ಹೇಳಿದವರು ಅದೇ ಬಸ್ಸಿನಲ್ಲಿದ್ದ ಅಂಗನವಾಡಿ ಟೀಚರು. ಮಕ್ಕಳು ಮೂಗು ಮುಚ್ಚಿಕೊಂಡೇ ಒಬ್ಬೊಬ್ಬರಾಗಿ ಮೂಸಿ ನೋಡಿದವು. ಒಬ್ಬ ಹುಡುಗಿ ಮಾತ್ರ, "ಸಾ, ಅವ್ಳಿಗೆ ದಿನಾ ಇದೇ ವಾಸ್ನೆ ಅಲ್ವಾ, ಅದ್ಕೆ ಅವ್ಳಿಗೆ ಗೊತ್ತೇ ಆಗಲ್ಲ" ಅಂದಳಂತೆ. ಆ ಮಾತನ್ನು ನನಗೆ ಹೇಳುವಾಗ ಮೇಷ್ಟ್ರ ಕಣ್ಣು ಹೇಗಾಯಿತೆಂದರೆ, ಲಾಟರಿ ಹೊಡೆದವರಿಗೂ ಹಾಗೆ ಆಗುತ್ತದೋ ಇಲ್ಲವೋ.

ಚೀಟಿಯ ಬದಲು ಪುಸ್ತಕವನ್ನೇ ಅವರು ನಮ್ಮನೆಗೆ ತಂದದ್ದು ಬಹಳ ತಡವಾಗಿ, ರಿಟೈರಾಗುವ ವರ್ಷ. ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿದ್ದರು. ಕಥೆಯ ಮೊದಲ ಪುಟದಲ್ಲಿ ಒಂದು ಚಿತ್ರ. ದೋಣಿ, ತಲೆಗೆ ಬಟ್ಟೆ ಕಟ್ಟಿದ ಹೆಂಗಸು. ಇಷ್ಟು ವರ್ಷ ಅವರ ಬಾಯಲ್ಲಿ ಕೇಳಿದಾಗ ನೆನಪಾಗದ್ದು ಚಿತ್ರ ನೋಡಿದ ಕೂಡಲೇ ನೆನಪಾಯಿತು. ನಾನು ಕಾಫಿ ಲೋಟ ಕೆಳಗಿಟ್ಟೆ.

"ಅಯ್ಯೋ ಮೇಷ್ಟ್ರೇ, ಇದು ನಮಗೆ ಪಾಠ ಇತ್ತು! ಈ ಚಿತ್ರಕ್ಕೆ ನಾನು ಕಲರ್ ಪೆನ್ಸಿಲಲ್ಲಿ ಬಣ್ಣ ಹಾಕಿದ್ದೆ."

ಅವರು ಎದ್ದು ನಿಂತುಬಿಟ್ಟರು. "ಕೊನೇಲಿ ಏನಾಯ್ತು?"

ಬಾಯಿ ತೆರೆದೆ. 'ದ್ವೀಪ ಎಂದರೇನು? ಸುತ್ತಲೂ ನೀರಿನಿಂದ ಆವೃತವಾದ ಭೂಭಾಗ.' 'ಟಪಾಲಿನ ಹೆಂಗಸಿನ ಮೂರು ಗುಣಗಳನ್ನು ಬರೆಯಿರಿ. ಅವಳು ಧೈರ್ಯಶಾಲಿ, ಪ್ರಾಮಾಣಿಕಳು, ಸಮಯಪಾಲಕಿ.' ಇಷ್ಟು ಇಂಗ್ಲಿಷಿನಲ್ಲಿ ಕಂಠಪಾಠದ ಹಾಗೆ ಬಂತು. ಕಥೆಯ ಕೊನೆ ಬರಲಿಲ್ಲ. ಮೇಷ್ಟ್ರು ನಿಂತೇ ಇದ್ದರು. ನನಗೆ ಕಿವಿ ಬಿಸಿಯಾಯಿತು. ಆ ಪಾಠಕ್ಕೆ ನನಗೆ ಫುಲ್ ಮಾರ್ಕ್ಸ್ ಬಂದಿತ್ತು, ನಮ್ಮ ಮಿಸ್ಸು ನನ್ನ ನೋಟ್ಸನ್ನು ಎಲ್ಲರಿಗೂ ತೋರಿಸಿದ್ದರು.

"ಮರ್ತೋಯ್ತಾ? ಓಗ್ಲಿ ಬುಡಿ" ಅಂತ ಕೂತರು. ಆಮೇಲೆ ಚಿತ್ರವನ್ನು ನನ್ನ ಕಡೆ ತಿರುಗಿಸಿದರು. "ಬಣ್ಣ ಹಾಕೋವಾಗ ಇದ್ನ ನೋಡಿದ್ರಾ? ಹುಟ್ಟು ಹಾಕೋರು ಹಿಂದಕ್ ಮೊಗ ಮಾಡಿ ಕುಂತಿರ್ತರೆ. ಎಲ್ಲಿಗ್ ಓಯ್ತಾ ಅವ್ಳೆ ಅನ್ನದು ಅವ್ಳಿಗೇ ಕಾಣದಿಲ್ಲ. ಬುಟ್ ಬಂದ ಊರೇ ಕಾಣದು."

ನಾನು ನೋಡಿರಲಿಲ್ಲ. ಸೀರೆಗೆ ಹಾಕುವ ಹಾಗೆ ಅವಳ ಲಂಗಕ್ಕೆ ಗುಲಾಬಿ ಬಣ್ಣ ತುಂಬಿದ್ದೆ, ಅಷ್ಟೆ.

ಹೋಗುವಾಗ ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ ಮೇಷ್ಟ್ರು ಹೇಳಿದರು: "ಮೇ ತಿಂಗ್ಳು ಬಂದ್ರೆ ಮನೆಗೋಗ್ತೀನಿ ಮೇಡಮ್ಮೋರೆ. ಇಪ್ಪತ್ತೊಂದು ವರ್ಷ ಆ ಹೆಂಗಸ್ನ ನೀರ್ ಮೇಲೇ ಬುಟ್ಟಿವ್ನಿ. ಮಕ್ಳೇನೋ ದಡ ಸೇರಿಸ್ತವೆ. ಆದ್ರೆ ಬರ್ದೋರು ಸೇರ್ಸವ್ರೋ ಇಲ್ವೋ, ಅದೊಂದು ಗೊತ್ತಾಗ್ದೆ ಓಗ್ಬೇಕಲ್ಲ ಅಂತ."

ಆ ಗುರುವಾರ ತವರಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ ಚಾಮರಾಜನಗರದ ಬಸ್ಸು ಹತ್ತಿದೆ. ಹೋದದ್ದು ಕಾನ್ವೆಂಟಿಗೆ. ಲೈಬ್ರರಿಯ ಬೀಗದ ಕೈ ಈಗ ತೊಂಬತ್ತರ ಹತ್ತಿರದ ಒಬ್ಬ ಸಿಸ್ಟರ ಹತ್ತಿರ ಇದೆ, ಕೇರಳದವರು. "ಏತು ಬ್ಯಾಚು ಮೋಳೇ? ಯಾವ ವರ್ಷ?" ಅಂದರು. ಹೇಳಿದೆ. ನನ್ನ ನೆನಪು ಅವರಿಗಿರಲಿಲ್ಲ, ಆದರೂ ಕೆನ್ನೆ ಮುಟ್ಟಿದರು. ಹಳೆಯ ರೀಡರುಗಳೆಲ್ಲ ಕೊನೆಯ ಬೀರುವಿನಲ್ಲಿದ್ದವು. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ದೋಣಿ, ಹೆಂಗಸು. ಪುಟದ ಅಂಚಿನ ತುಂಬಾ ಯಾರಯಾರದೋ ಪೆನ್ಸಿಲು. 'ವೆರಿ ಇಂಪಾರ್ಟೆಂಟ್', 'ಟೂ ಮಾರ್ಕ್ಸ್', 'ಬೈಹಾರ್ಟ್'. ಕೊನೆಯ ಪುಟಕ್ಕೆ ಬಂದರೆ ಒಂದು ಗೆರೆಯಿಲ್ಲ, ಗುರುತಿಲ್ಲ. ಹೊಸದಾಗಿ ಅಚ್ಚಾದ ಹಾಗೆ ಬೆಳ್ಳಗಿತ್ತು. ಆಗ ನೆನಪಾಯಿತು. ಆ ಪುಟದಿಂದ ಪ್ರಶ್ನೆ ಬರುವುದಿಲ್ಲವೆಂದು ನಮ್ಮ ಮಿಸ್ಸು ಅದನ್ನು ಬಿಟ್ಟು ಮುಂದಿನ ಪಾಠಕ್ಕೆ ಹೋಗಿದ್ದರು. ನಾನು ಮರೆತಿರಲಿಲ್ಲ. ಓದಿಯೇ ಇರಲಿಲ್ಲ.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಓದಿದೆ. ಹತ್ತು ಹದಿನೈದು ಸಾಲು, ಅಷ್ಟೆ. ಅವಳು ಕಾಗದವನ್ನು ಹಲ್ಲಿನಲ್ಲಿ ಕಚ್ಚಿ ಒಡೆಯುತ್ತಾಳೆ. ಮುಂದಿನ ಹಡಗಿನಲ್ಲಿ ಬರುತ್ತಿದ್ದೇನೆಂದು ತಮ್ಮ ಬರೆದಿದ್ದಾನೆ. ಅದೇ ಕ್ಷಣ ಮಂಜು ಕರಗಿ ಬಿಸಿಲು ಬೀಳುತ್ತದೆ. ದಡ ಕಾಣುತ್ತದೆ. ದೇವರಿಗೆ ವಂದಿಸುತ್ತಾಳೆ. ಮುಗಿಯಿತು. ಇಷ್ಟಕ್ಕಾ ಇಪ್ಪತ್ತೊಂದು ವರ್ಷ?

ಪುಸ್ತಕ ಹೊರಗೆ ಕೊಡುವಂತಿಲ್ಲ ಅಂದರು ಸಿಸ್ಟರು. ನೋಟ್ ಬುಕ್ಕಿಗೆ ಇಳಿಸಿಕೊಂಡೆ. ಬಸ್ಸಿನಲ್ಲಿ ಬರುವಾಗ, ಸಿಗಲಿಲ್ಲ ಅಂದುಬಿಡಲಾ ಅಂತ ಕೂಡ ಯೋಚನೆ ಬಂತು.

ಆ ಸಂಜೆ ಭಾನುವಾರ ಅಲ್ಲದಿದ್ದರೂ ಚಿಲಕ ಟಕ್ ಟಕ್ ಅಂದಿತು. ನಾನು ಹೋದದ್ದು ಹೇಗೆ ಗೊತ್ತಾಯಿತೋ.

"ಸಿಕ್ತಾ?"

"ಸಿಕ್ತು ಮೇಷ್ಟ್ರೇ."

ಅವರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. "ಏಳ್ಬೇಡಿ! ಏಳ್ಬೇಡಿ! ಮುಂದಿನ್ ವಾರ ನಮ್ ಮಕ್ಳು ಕೊನೆ ಬರೀತವೆ. ನೀವು ಅದ್ನ ಕನ್ನಡಕ್ಕೆ ಮಾಡಿ, ಅವ್ರ್ ಬರ್ದಂಗೇ ಅರ್ಧ ಹಾಳೇಲಿ ಬರ್ಕೊಂಡು ಬಂದ್ಬುಡಿ. ಎಲ್ಲಾ ಬೆರ್ಸಿ ನೀವೇ ಓದಿ. ನಾನೂ ಮಕ್ಳ ಜೊತೇಲೇ ಕುಂತು ಕೇಳ್ತೀನಿ."

ಅವರ ಕ್ಲಾಸಿನ ಪದ್ಧತಿ ಹೀಗಿತ್ತು. ಮಕ್ಕಳು ಅರ್ಧ ಹಾಳೆಯಲ್ಲಿ ಹೆಸರು ಹಾಕದೆ, ಮೊದಲು ಕನ್ನಡದಲ್ಲೇ ಕಥೆಯ ಕೊನೆ ಬರೆಯಬೇಕು. ಎಲ್ಲವನ್ನೂ ಓದಿದ ಮೇಲೆ ಹಾಳೆಗಳನ್ನು ನಂಬರು ಹಾಕಿ ಬೋರಲಾಗಿ ನೆಲದ ಮೇಲೆ ಹರಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಹುಣಸೆ ಬೀಜ. ಯಾವುದು ಚೆನ್ನಾಗಿದೆ ಅಂತಲ್ಲ, ಯಾವುದು ನಿಜವಾಗಿ ನಡೆದಿರಬಹುದು ಅನ್ನಿಸುತ್ತದೋ ಅದರ ಮುಂದೆ ಬೀಜ ಇಡಬೇಕು. ಹೆಚ್ಚು ಬೀಜ ಬಿದ್ದದ್ದನ್ನು ಇಡೀ ಕ್ಲಾಸು ಸೇರಿ ಬೋರ್ಡಿನ ಮೇಲೆ ಇಂಗ್ಲಿಷಿಗೆ ಎಳೆದು ತರುತ್ತದೆ. ಒಂದೊಂದು ಪದಕ್ಕೂ ಜಗಳ. ಅವರ ಮಕ್ಕಳು ಇಂಗ್ಲಿಷ್ ಕಲಿತದ್ದು ಆ ಜಗಳದಲ್ಲಿ.

ನಾನು ಹೋದ ದಿನ ಇಪ್ಪತ್ತಮೂರು ಮಕ್ಕಳಿದ್ದರು. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಕೂತಿದ್ದರು. ಮೇಷ್ಟ್ರು ಕೊನೆಯ ಸಾಲಿನಲ್ಲಿ, ಮಂಡಿ ಮಡಚಲಾರದೆ ಒಂದು ಕಾಲು ಚಾಚಿ ಕೂತರು. ಒಂದೊಂದಾಗಿ ಓದಿದೆ.

ಒಂದರಲ್ಲಿ ತಮ್ಮ ದುಬೈಯಿಂದ ಬರೆದಿದ್ದ. ಇನ್ನೊಂದರಲ್ಲಿ ಕಾಗದವನ್ನು ಮೀನು ನುಂಗಿತು. ಮತ್ತೊಂದರಲ್ಲಿ ಕಾಗದ ಒಡೆದು ನೋಡಿದರೆ, ಆಧಾರ್ ಲಿಂಕ್ ಮಾಡಿಸದಿದ್ದರೆ ರೇಷನ್ ನಿಲ್ಲುತ್ತದೆ ಅಂತ ಇತ್ತು. ಕ್ಲಾಸೆಲ್ಲ ಉರುಳಾಡಿ ನಕ್ಕಿತು. "ಯಾವನ್ಲಾ ಅದು ಬರ್ದವ್ನು!" ಅಂತ ಮೇಷ್ಟ್ರೂ ನಕ್ಕರು. ಪುಸ್ತಕದ್ದನ್ನು ಒಂಬತ್ತನೆಯದಾಗಿ, ದನಿ ಬದಲಾಗದ ಹಾಗೆ ಹುಷಾರಾಗಿ ಓದಿದೆ. ಒಬ್ಬ ಹುಡುಗ ಆಕಳಿಸಿದ.

ಹದಿನಾಲ್ಕನೆಯದು ಹೀಗಿತ್ತು. ಅವಳು ಕಾಗದವನ್ನು ಚೀಲದ ತಳಕ್ಕೆ ತಳ್ಳಿದಳು. ಹುಟ್ಟು ಹಾಕಿದಳು. ದಡಕ್ಕೆ ಬಂದು ಮನೆ ಮನೆಗೆ ಹೋಗಿ ಎಲ್ಲರ ಕಾಗದ ಕೊಟ್ಟಳು. ಒಬ್ಬರು ಬಾಗಿಲಲ್ಲೇ ಒಡೆದು ಅತ್ತರು. ಒಬ್ಬರು ನಕ್ಕರು. ಒಬ್ಬರು ಓದಿ, ನೀರು ಕುಡಿದು ಹೋಗು ಅಂದರು. ಕೊನೆಗೆ ಅವಳದೊಂದೇ ಉಳಿಯಿತು. ಮನೆಗೆ ಬಂದು ಅದನ್ನು ಗೂಡಿನಲ್ಲಿಟ್ಟು ಒಲೆ ಹಚ್ಚಿದಳು. ಇವತ್ತು ಊರವರದೆಲ್ಲ ನೋಡಿ ಸಾಕಾಗಿದೆ, ನಂದು ನಾಳೆ ನೋಡ್ತೀನಿ ಅಂದುಕೊಂಡಳು.

ಓದಿ ತಲೆಯೆತ್ತಿದೆ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು.

ಬೀಜ ಇಡುವ ಹೊತ್ತಿಗೆ ಹದಿನಾಲ್ಕರ ಮುಂದೆ ಗುಡ್ಡೆಯಾಯಿತು. ಒಂಬತ್ತರ ಮುಂದೆ ಎರಡು, ಅದರಲ್ಲಿ ಒಂದು ಜಾರಿ ಬಿದ್ದದ್ದು. ಎಲ್ಲರದೂ ಮುಗಿದ ಮೇಲೆ ಮೇಷ್ಟ್ರು ಗೋಡೆ ಹಿಡಿದು ಎದ್ದು ಬಂದು, ತಮ್ಮ ಬೀಜವನ್ನು ಹದಿನಾಲ್ಕರ ಮುಂದೆ ಇಟ್ಟರು. ಇಷ್ಟು ವರ್ಷದಲ್ಲಿ ಅವರು ಬೀಜ ಇಟ್ಟದ್ದು ಅದೇ ಮೊದಲಂತೆ. ಅಷ್ಟರಲ್ಲಿ ಊಟದ ಬೆಲ್ಲು ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದವು.

ಕ್ಲಾಸಿನಲ್ಲಿ ನಾವಿಬ್ಬರೇ. ಮೇಷ್ಟ್ರು ಮೆಲ್ಲಗೆ ಕೇಳಿದರು. "ಅದೇ ಅಲ್ವಾ ಮೇಡಮ್ಮೋರೆ? ಬರ್ದೋರು ಅಂದ್ರೆ ಬರ್ದೋರೇ. ಕೇಳ್ತಾ ಕೇಳ್ತಾನೇ ಗೊತ್ತಾಗೋಯ್ತು ನಂಗೆ."

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರೂ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಮಾತು ತುಟಿಯವರೆಗೂ ಬಂದಿತ್ತು. ಆದರೆ ಆ ಹಾಳೆ ಯಾವುದೋ ಮಗುವಿನದು. ನನ್ನ ಒಂದು ಮಾತಿಗೆ ಅದು ಬೇರೆಯವರ ಪಾಲಾಗುತ್ತಿತ್ತು.

"ಅಲ್ಲ ಮೇಷ್ಟ್ರೇ. ಅದು ನಿಮ್ಮ ಮಕ್ಕಳದು."

ಅವರು ಹಾಳೆ ಎತ್ತಿ ತಿರುಗಿಸಿದರು. "ರಕ್ಷಿತಾ ಅಕ್ಷರ" ಅಂದರು. "ಅವ್ಳವ್ವ ಆಶಾ ಕಾರ್ಯಕರ್ತೆ. ಮನೆಮನೆ ತಿರುಗ್ತಳೆ. ಇವ್ಳೂ ರಜಾ ದಿನ ಜೊತೇಲ್ ಓಯ್ತಳೆ." ಕಿಟಕಿಗೆ ಹೋಗಿ, ಊಟದ ಸಾಲಿನಲ್ಲಿ ನಿಂತಿದ್ದ ಒಂದು ಸಣ್ಣ ಹುಡುಗಿಯನ್ನು ಕೂಗಿದರು. "ಏ ರಕ್ಷಿತಾ! ನಿಂದ್ನ ನಾನು ಪುಸ್ತಕದ್ದು ಅಂದ್ಕೊಂಡ್ಬುಟ್ಟೆ ಕಣಮ್ಮಿ!"

ಅವಳು ತಟ್ಟೆಯನ್ನು ಎದೆಗವಚಿಕೊಂಡು, "ಮತ್ತೆ ಪುಸ್ತಕದ್ದು ಯಾವ್ದು ಸಾ?" ಅಂದಳು.

"ನಾನೂ ಇನ್ನೂ ನೋಡಿಲ್ಲ. ನೀನ್ ಉಣ್ಣೋಗು."

ತಿರುಗಿ ಬಂದು ನನ್ನ ಮುಂದೆ ಕೈ ಚಾಚಿದರು. ಒಂಬತ್ತನೆಯದನ್ನು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ತುಟಿ ಅಲ್ಲಾಡಿಸುತ್ತಾ ಓದಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ತಪ್ಪು ನನ್ನದೇ ಅನ್ನುವ ಹಾಗೆ ನಿಂತಿದ್ದೆ. ಮುಗಿಸಿ, ಇನ್ನೊಂದು ಸಲ ಮೊದಲಿಂದ ಓದಿದರು. ಆಮೇಲೆ ಮೇಜಿನ ಹತ್ತಿರ ಹೋಗಿ, ಮಕ್ಕಳ ಹಾಳೆ ತಿದ್ದುವ ಕೆಂಪು ಪೆನ್ನಿನ ಕ್ಯಾಪು ತೆಗೆದು ಕೆಳಗೆ ಬರೆದರು: 'ಅಕ್ಷರ ದುಂಡಾಗಿದೆ. ಕೊನೆ ಅವಸರವಾಯಿತು. ಹತ್ತಕ್ಕೆ ಆರು.'

ಹಾಳೆಯನ್ನು ಕೊಂಚ ದೂರ ಹಿಡಿದು ನೋಡಿದರು. ಆರನ್ನು ಹೊಡೆದು ಆರೂವರೆ ಮಾಡಿದರು.

"ಪಾಪ, ದಡನಾದ್ರೂ ಸೇರ್ಸವ್ರಲ್ಲ" ಅಂದರು.